ಬಾಗಿಲಿನಿಂದ ಇನ್ನೊಮ್ಮೆ ಬನ್ನಿ

ಮದುಮಗ ತನ್ನ ಮದುವೆಯ ಸಭಾಂಗಣಕ್ಕೆ ಅಂದು ಬೆಳಗ್ಗೆ ಮೂರು ಸಲ ಬಂದಿದ್ದ. ಮೊದಲನೆಯ ಸಲ ಎಲ್ಲರಂತೆ ತಾನಾಗಿಯೇ ಬಂದ. ವಿಡಿಯೋದವನು ಕ್ಯಾಮೆರಾದ ಹಿಂದಿನಿಂದ ಕೈಯೆತ್ತಿ, "ಚೆನ್ನಾಗಿತ್ತು ಸಾರ್, ಆದರೆ ಬಾಗಿಲಿನಿಂದ ಇನ್ನೊಮ್ಮೆ ಬನ್ನಿ. ಸ್ವಲ್ಪ ನಿಧಾನಕ್ಕೆ" ಎಂದ. ಎರಡನೆಯ ಸಲ ನಿಧಾನ ಹೆಚ್ಚಾಯಿತು. ಮೂರನೆಯ ಸಲ ನಡಿಗೆ, ನಗೆ ಎರಡೂ ಸರಿಯಿದ್ದವು. ಸೋದರಮಾವ ಅಡ್ಡ ಬಂದು ಕ್ಯಾಮೆರಾಕ್ಕೆ ಕೈಬೀಸಿ ಎಲ್ಲ ಕೆಡಿಸಿದರು.

"ಇದೊಂದೇ ಸಲ ಸಾರ್. ಬಾಗಿಲು ಹಾಕ್ಕೊಂಡು ಹೊರಗೆ ನಿಂತಿರಿ. ನಾನು ಬನ್ನಿ ಅಂದಾಗ ಬನ್ನಿ."

ಮದುಮಗ ಹೊರಗೆ ನಿಂತ. ಎರಡು ನಿಮಿಷವಾಯಿತು, ಐದು ನಿಮಿಷವಾಯಿತು, 'ಬನ್ನಿ' ಎಂಬ ಮಾತಿಲ್ಲ. ಒಳಗೆ ಯಾರೋ ಪಿಸುಗುಟ್ಟುತ್ತಿದ್ದರು. ಅವನು ಬಾಗಿಲಿಗೆ ಕಿವಿಯಿಟ್ಟ. ಸುಮ್ಮನೆ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಅವರಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದ್ರೆ ಎಲ್ಲಾ ಹಾಳಾಗುತ್ತೆ." ಅದು ಮದುಮಗಳ ದನಿ.

"ನೀವು ನಿಶ್ಚಿಂತೆಯಾಗಿರಿ ಮೇಡಂ," ಇದು ವಿಡಿಯೋದವನದು. "ಅವರ ಕಣ್ಣೆದುರಿಗೇ ಕೆಲಸ ನಡೆದುಹೋಗುತ್ತೆ, ಅವರಿಗೆ ಸುಳಿವೂ ಸಿಗಲ್ಲ."

ಆಮೇಲೆ ಅವಳು ನಕ್ಕಳು. ಎಂಥ ನಗು! ನಿಶ್ಚಿತಾರ್ಥವಾಗಿ ಆರು ತಿಂಗಳಾಗಿತ್ತು, ಅವನ ಯಾವ ತಮಾಷೆಗೂ ಅವಳು ಹಾಗೆ ನಕ್ಕಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಏನೋ ಗುಟ್ಟಿನ ಉಡುಗೊರೆ ಇರಬೇಕೆಂದು ಸುಮ್ಮನಾಗುತ್ತಿದ್ದರು. ಆದರೆ ನಮ್ಮ ಮದುಮಗನಿಗೆ ಅನುಮಾನವೇ ಹೊಟ್ಟೆಪಾಡು. ವಿಮಾ ಕಂಪನಿಯಲ್ಲಿ ಅವನು ನಷ್ಟ ಪರಿಹಾರದ ಅರ್ಜಿಗಳನ್ನು ಪರೀಕ್ಷಿಸುವವನು. ಅಂಗಡಿ ಸುಟ್ಟಿತೆಂದು ಯಾರಾದರೂ ಅಳುತ್ತ ಬಂದರೆ, ಕಡ್ಡಿ ಗೀರಿದ್ದು ಯಾರೆಂದು ಕೇಳುವುದೇ ಅವನ ಕೆಲಸ. ಕಚೇರಿಯಲ್ಲಿ ಅವನಿಗೆ ಭೂತಗನ್ನಡಿ ಎಂದು ಹೆಸರು. ಈ ಹುಡುಗಿ ತನ್ನನ್ನು ಒಪ್ಪಿದ ದಿನ ಅವನಿಗೆ ಮೊದಲು ಸಂತೋಷವಾಗಿತ್ತು, ಮರುಗಳಿಗೆಯೇ 'ಯಾಕೆ ಒಪ್ಪಿದಳು?' ಎಂಬ ಪ್ರಶ್ನೆ ಹುಟ್ಟಿತ್ತು. ಅವಳೆಂದರೆ ಅವನಿಗೆ ಪ್ರಾಣ. ಅಷ್ಟು ಒಳ್ಳೆಯದು ತನ್ನ ಪಾಲಿಗೆ ಬರುವುದು ಸಾಧ್ಯವೇ ಇಲ್ಲ ಎಂಬುದು ಅವನ ಸಂಕಟ.

"ಬನ್ನಿ ಸಾರ್!" ಎಂಬ ಕೂಗು ಕೊನೆಗೂ ಬಂತು. ಮದುಮಗ ನಾಲ್ಕನೆಯ ಸಲ ಸಭಾಂಗಣದೊಳಗೆ ಕಾಲಿಟ್ಟ. ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ. ಆದರೂ ವಿಡಿಯೋದವನು, "ಸೂಪರ್ ಸಾರ್, ಇದೇ ಇರಲಿ" ಎಂದುಬಿಟ್ಟ. ತಪ್ಪಿತಸ್ಥರು ಹೀಗೇ ತಕರಾರಿಲ್ಲದೆ ಎಲ್ಲದಕ್ಕೂ ಸೈ ಎನ್ನುತ್ತಾರೆಂದು ಮದುಮಗನಿಗೆ ಗೊತ್ತಿತ್ತು.

ಅವನು ಸೋದರಮಾವನನ್ನು ಕೈ ತೊಳೆಯುವ ತೊಟ್ಟಿಯ ಹತ್ತಿರ ಎಳೆದೊಯ್ದು ಎಲ್ಲ ಹೇಳಿದ. ಸೋದರಮಾವ ರೈಲಿನಲ್ಲಿ ಮೂವತ್ತು ವರ್ಷ ಟಿಕೆಟ್ ನೋಡಿ ನಿವೃತ್ತರಾದವರು. ಲೋಕದ ಜನರಲ್ಲಿ ಅವರಿಗೆ ಎರಡೇ ಜಾತಿ: ಟಿಕೆಟ್ ಇದ್ದವರು, ಇಲ್ಲದವರು.

"ನಾನು ಆ ವಿಡಿಯೋದವನನ್ನ ಬಂದಾಗಿಂದ ನೋಡ್ತಾನೇ ಇದ್ದೀನಿ ಕಣೋ," ಎಂದರು ಮೆಲ್ಲಗೆ. "ಅವನದು ಟಿಕೆಟ್ ಇಲ್ಲದ ಮುಖ."

"ಹಾಗಾದ್ರೆ ಈಗ ಏನ್ಮಾಡೋದು ಮಾವ?"

"ಏನೂ ಮಾಡಬೇಡ. ಸುಮ್ನೆ ನೋಡ್ತಾ ಇರು. ಅವಳ ಮೇಲೆ ಒಂದು ಕಣ್ಣು, ಅವನ ಮೇಲೆ ಒಂದು ಕಣ್ಣು."

ಅಷ್ಟರಲ್ಲಿ ಹಸಿರು ಬಟ್ಟೆಯ ಒಬ್ಬ ನಡುವಯಸ್ಸಿನ ಹೆಂಗಸು ಕೈಯಲ್ಲಿ ಫೋನು ಹಿಡಿದು ಪಕ್ಕದಲ್ಲೇ ಹಾದುಹೋದಳು. ಇಬ್ಬರೂ ಬಾಯಿ ಮುಚ್ಚಿದರು. "ಹುಡುಗಿ ಕಡೆಯ ಚಿಕ್ಕಮ್ಮ ಇರಬೇಕು, ನಮಸ್ಕಾರ ಮಾಡು" ಎಂದು ಸೋದರಮಾವ ತಿವಿದರು. ಮದುಮಗ ಮಾಡಿದ. ಆಕೆ ತುಂಬು ನಗೆ ನಕ್ಕಳು. ಅತ್ತ ಹೆಣ್ಣಿನ ತಂದೆ ಕೂಡ, "ಹುಡುಗನ ಕಡೆಯ ಹೆಂಗಸು, ಒಬ್ಬರೇ ಓಡಾಡ್ತಿದ್ದಾರೆ, ಕುರ್ಚಿ ಕೊಡ್ರೋ" ಎಂದು ತಮ್ಮವರಿಗೆ ಹೇಳುತ್ತಿದ್ದರು. ಹೀಗೆ ಎರಡೂ ಕಡೆಯಿಂದ ಮರ್ಯಾದೆ ಮಾಡಿಸಿಕೊಂಡವರು ಆ ಮದುವೆಯಲ್ಲಿ ಆಕೆಯೊಬ್ಬಳೇ.

ಉಂಗುರ ಬದಲಾಯಿಸುವ ಹೊತ್ತು ಬಂತು. ಮದುಮಗಳು ಎದುರಿಗೆ ನಿಂತು ಕೈ ಚಾಚಿದಳು. ಮದುಮಗ ಉಂಗುರ ಹಿಡಿದನೇ ಹೊರತು ಕಣ್ಣೆಲ್ಲ ಅವಳ ಹೆಗಲಾಚೆಯ ಕ್ಯಾಮೆರಾದ ಮೇಲಿತ್ತು.

"ಮೇಡಂ, ಮುಖ ಸ್ವಲ್ಪ ಈ ಕಡೆ. ಎಡಗೆನ್ನೆಯ ಗುಳಿ ಕಾಣಲಿ," ಎಂದ ವಿಡಿಯೋದವನು.

ಗುಳಿಯೇ? ಇವಳ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಆರು ತಿಂಗಳಿಂದ ತನಗೇ ಗೊತ್ತಿಲ್ಲ, ಇವನಿಗೆ ಹೇಗೆ ಗೊತ್ತು? ಮದುಮಗ ಗುಳಿಯನ್ನು ಬಿಟ್ಟು, ಗುಳಿಯನ್ನು ನೋಡುತ್ತಿದ್ದವನನ್ನು ದುರುಗುಟ್ಟಿ ನೋಡಿದ. ಉಂಗುರ ಅವಳ ಕಿರುಬೆರಳಿಗೆ ಹೋಯಿತು. ಅವಳೇ ಮೆಲ್ಲಗೆ ತೆಗೆದು ಸರಿಯಾದ ಬೆರಳನ್ನು ಮುಂದೆ ಮಾಡಿದಳು.

ಆಮೇಲೆ ನೋಂದಣಿ ಪುಸ್ತಕಕ್ಕೆ ರುಜು. ಅಲ್ಲೂ ಅವನು ಬಗ್ಗಿದ್ದು ಪುಸ್ತಕದ ಮೇಲೆ, ನೋಡಿದ್ದು ಕ್ಯಾಮೆರಾದ ಕಡೆ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ರೀ, ನೀವು ಸಾಕ್ಷಿಯ ಜಾಗದಲ್ಲಿ ರುಜು ಹಾಕಿದ್ದೀರಿ. ಮದುವೆ ಆಗ್ತಿರೋದು ನೀವೋ, ನೋಡೋಕೆ ಬಂದಿರೋದೋ?" ಎಂದರು. ಜನರೆಲ್ಲ ಗೊಳ್ಳೆಂದು ನಕ್ಕರು. ಹೆಣ್ಣಿನ ತಂದೆ ಮಾತ್ರ ನಗಲಿಲ್ಲ. ಹೊಡೆದು ಹಾಕಿ ಮತ್ತೆ ರುಜು ಮಾಡಿದ್ದಾಯಿತು.

ಊಟದ ಹೊತ್ತಿಗೆ ಮದುಮಗ ಒಂದು ಮುಖ್ಯವಾದ ಸಂಗತಿ ಕಂಡುಹಿಡಿದ. ವಿಡಿಯೋದವನು ಕ್ಯಾಮೆರಾದಿಂದ ಉಗುರಿನಷ್ಟೇ ದೊಡ್ಡದಾದ ಒಂದು ಕಾರ್ಡು ತೆಗೆದು, ಪುಟ್ಟ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚೀಲದಲ್ಲಿಟ್ಟು, ಚೀಲವನ್ನು ಪಕ್ಕದ ಕೋಣೆಯಲ್ಲಿಟ್ಟ. ಆಮೇಲೆ ಮದುಮಗಳ ಹತ್ತಿರ ಹೋಗಿ, "ಎಲ್ಲಾ ಸಿಕ್ಕಿದೆ ಮೇಡಂ, ಸಂಜೆ ನೋಡಿ" ಎಂದ. ಮದುಮಗಳ ಕೆನ್ನೆ ಕೆಂಪಾಯಿತು.

"ಸಾಕ್ಷಿ ಆ ಕಾರ್ಡಿನಲ್ಲಿದೆ ಮಾವ," ಎಂದ ಮದುಮಗ.

"ಹೋಗಿ ತಗೋ. ನಾನು ಬಾಗಿಲು ಕಾಯ್ತೀನಿ," ಎಂದರು ಸೋದರಮಾವ. ಕಾದರೂ ಕಾದರು. ಅಷ್ಟರಲ್ಲಿ ಎರಡನೆಯ ಸಲದ ಬಡಿಸುವಿಕೆ ಶುರುವಾಯಿತೆಂದು ತಿಳಿದು ಊಟದ ಕಡೆ ನಡೆದೇಬಿಟ್ಟರು.

ಕೋಣೆಯಲ್ಲಿ ಮದುಮಗ ಮಂಡಿಯೂರಿ ಕೂತು ಚೀಲದೊಳಗೆ ಕೈಯಾಡಿಸಿದ. ತಂತಿ, ಬ್ಯಾಟರಿ, ಒರೆಸುವ ಬಟ್ಟೆ, ಬಾಚಣಿಗೆ. ಬಾಚಣಿಗೆಯನ್ನೂ ಒಮ್ಮೆ ಅನುಮಾನದಿಂದ ನೋಡಿ ಕೆಳಗಿಟ್ಟ. ಹಿಂದಿನಿಂದ, "ಏನಪ್ಪಾ, ಏನಾದ್ರೂ ಬೇಕಿತ್ತಾ?" ಎಂಬ ದನಿ. ತಿರುಗಿ ನೋಡಿದರೆ ಬಾಗಿಲಲ್ಲಿ ಹಸಿರು ಬಟ್ಟೆಯ ಚಿಕ್ಕಮ್ಮ.

"ಗುಂಡಿ ಚಿಕ್ಕಮ್ಮಾ. ಕೋಟಿನ ಗುಂಡಿ ಬಿದ್ದುಹೋಯ್ತು."

"ಹುಡುಕು, ಹುಡುಕು," ಎಂದು ಆಕೆ ನಗುತ್ತ ಬಾಗಿಲನ್ನು ಅರ್ಧ ಎಳೆದುಕೊಂಡಳು. ಒಳ್ಳೆಯ ಹೆಂಗಸು ಎಂದುಕೊಂಡ ಅವನು. ಆ ಇಡೀ ದಿನದಲ್ಲಿ ಅವನು ಅನುಮಾನ ಪಡದೆ ಬಿಟ್ಟದ್ದು ಆಕೆಯೊಬ್ಬಳನ್ನೇ.

ಡಬ್ಬಿ ಸಿಕ್ಕಿತು. ಕಾರ್ಡು ಕೈಗೆ ಬಂತು. ಅದೇ ಗಳಿಗೆಗೆ ಹೊರಗೆ ವಿಡಿಯೋದವನ ಚಪ್ಪಲಿಯ ಸದ್ದೂ ಕೇಳಿತು. ಮದುಮಗ ಕಾರ್ಡನ್ನು ಕೋಟಿನ ಜೇಬಿಗೆ ತುರುಕಲು ಹೋದ. ಜೇಬು ತೆರೆಯಲಿಲ್ಲ. ಹೊಸ ಕೋಟು, ದರ್ಜಿ ಹಾಕಿದ ಹೊಲಿಗೆಯನ್ನು ಯಾರೂ ಬಿಚ್ಚಿರಲಿಲ್ಲ. ಇನ್ನೊಂದು ಜೇಬೂ ಹಾಗೇ. ಬೇರೆ ದಾರಿ ಕಾಣದೆ ಅವನು ಕಾರ್ಡನ್ನು ಬಾಯಿಗೆ ಹಾಕಿ ನಾಲಿಗೆಯ ಕೆಳಗಿಟ್ಟುಕೊಂಡ.

"ಅರೆ ಸಾರ್, ಇಲ್ಲಿದ್ದೀರಾ! ಊಟ ಆಯ್ತಾ?" ಎಂದ ವಿಡಿಯೋದವನು.

ಮದುಮಗ ತಲೆಯಾಡಿಸಿದ.

"ಏನಾದ್ರೂ ಹೇಳಬೇಕಿತ್ತಾ ಸಾರ್?"

ಮದುಮಗ ಇಲ್ಲವೆಂದು ತಲೆಯಾಡಿಸಿದ. ಆಗಲೇ ಸೋದರಮಾವ, ಹೊಟ್ಟೆ ತುಂಬಿದ ಮೇಲೆ ಕರ್ತವ್ಯ ನೆನಪಾಗಿ, ಓಡಿಬಂದು ಬೆನ್ನಿನ ಮೇಲೆ ಪಟ್ಟೆಂದು ಹೊಡೆದು, "ಏನೋ, ಸಿಕ್ತಾ?" ಎಂದರು.

ಗುಳುಂ.

ಮದುಮಗನ ಕಣ್ಣು ಮೇಲಕ್ಕೆ ಹೋಗಿ ಕೆಳಗೆ ಬಂತು. "ಸಿಕ್ಕಿತ್ತು," ಎಂದ ಸಣ್ಣ ದನಿಯಲ್ಲಿ.

ಸಂಜೆ ನೆಂಟರಿಷ್ಟರೆಲ್ಲ ಮತ್ತೆ ಸೇರಿದರು. ವೇದಿಕೆಯ ಮೇಲೆ ದೊಡ್ಡ ಪರದೆ ಹಾಕಿದ್ದರು. ಬೆಳಗ್ಗೆ ತೆಗೆದದ್ದನ್ನು ಅದೇ ಸಂಜೆ ತೋರಿಸುವುದು ಆ ವಿಡಿಯೋದವನ ಹೆಗ್ಗಳಿಕೆ. ಆದರೆ ಅವನ ಮುಖ ಬಿಳಿಚಿಕೊಂಡಿತ್ತು. ಚೀಲವನ್ನು ಮೂರು ಸಲ ಬೋರಲು ಹಾಕಿದ್ದ.

"ಮೇಡಂ, ನನ್ನಿಂದ ದೊಡ್ಡ ತಪ್ಪಾಯ್ತು. ಉಂಗುರ, ರುಜು, ನಿಮ್ಮ ತಾಯಿತಂದೆ ಹರಸಿದ್ದು, ಎಲ್ಲಾ ಒಂದೇ ಕಾರ್ಡಿನಲ್ಲಿತ್ತು. ಎಲ್ಲಿ ಹೋಯ್ತೋ ಗೊತ್ತಾಗ್ತಿಲ್ಲ."

ಮದುಮಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. ಹಾಗಾದರೆ ತಾನು ನುಂಗಿದ್ದು ಯಾರ ಗುಟ್ಟನ್ನೂ ಅಲ್ಲ, ತನ್ನ ಮದುವೆಯನ್ನೇ! ಪಕ್ಕದಲ್ಲಿ ಮದುಮಗಳ ಕಣ್ಣು ತುಂಬಿತು. ಅವನಿಗೆ ನಿಜ ಹೇಳಿಬಿಡೋಣ ಎನ್ನಿಸಿತು.

ಅಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು ಎದ್ದು ನಿಂತಳು. "ಹೋಗ್ಲಿ ಬಿಡಿ. ಇನ್ನೊಂದು ಇದೆಯಲ್ಲ, ನಾನು ಗುಟ್ಟಾಗಿ ಮಾಡ್ಸಿದ್ದು. ನನಗೆ ಅದೇ ಮುಖ್ಯ." ಆಮೇಲೆ ಮೈಕು ಹಿಡಿದು ನಾಚುತ್ತ ಹೇಳಿದಳು: "ಇವರು ನನ್ನ ಮುಖ ನೋಡಿ ಮಾತಾಡಿದ್ದೇ ಕಡಿಮೆ. ನಾನು ಈ ಕಡೆ ತಿರುಗಿದ್ರೆ ಆ ಕಡೆ ತಿರುಗಿಬಿಡ್ತಾರೆ. ಅದಕ್ಕೇ, ನಾನು ನೋಡದೇ ಇದ್ದಾಗ ಇವರು ನನ್ನನ್ನ ಹೇಗೆ ನೋಡ್ತಾರೆ ಅಂತ ನೋಡ್ಬೇಕು ಅನ್ನಿಸ್ತು. ಇಡೀ ದಿನ ಇವರನ್ನ ಮಾತ್ರ ತೆಗೀರಿ ಅಂತ ಹೇಳಿದ್ದೆ."

ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಿಂದ ಹಸಿರು ಬಟ್ಟೆಯ ಹೆಂಗಸು ಎದ್ದು ಬಂದು ತನ್ನ ಫೋನನ್ನು ಪರದೆಯ ತಂತಿಗೆ ಸಿಕ್ಕಿಸಿದಳು.

"ನಮ್ಮ ಮನೆಯವಳು," ಎಂದ ವಿಡಿಯೋದವನು ಹೆಮ್ಮೆಯಿಂದ. "ನೆಂಟರ ಹಾಗೆ ಓಡಾಡ್ಕೊಂಡು ತೆಗೀತಾಳೆ. ಯಾರಿಗೂ ಅನುಮಾನ ಬರಲ್ಲ."

ಪರದೆ ಬೆಳಗಿತು. ತೆಗೆದದ್ದನ್ನು ತೆಗೆದ ಹಾಗೇ ಜೋಡಿಸಿದ್ದರು. ಮೊದಲು ಕಂಡದ್ದು, ಬಾಗಿಲಿಗೆ ಕಿವಿಯಿಟ್ಟು ಬಗ್ಗಿ ನಿಂತ ಮದುಮಗ. ಆಮೇಲೆ ತೊಟ್ಟಿಯ ಹತ್ತಿರ ಸೋದರಮಾವನೊಂದಿಗೆ ಗುಸುಗುಸು. ಕಂಬದ ಹಿಂದೆ ಅರ್ಧ ಮುಖ. ಉಂಗುರ ತೊಡಿಸುವಾಗ ಕಳ್ಳನನ್ನು ಹಿಡಿದವನ ನೋಟ. ಮದುಮಗಳು ನಕ್ಕಾಗಲೆಲ್ಲ ಹುಬ್ಬು ಗಂಟು. ಮೊದಮೊದಲು ಸಭೆ ನಕ್ಕಿತು. ಬರುಬರುತ್ತ ನಗು ಕಡಿಮೆಯಾಯಿತು. ಕೊನೆಗೆ ಅರೆತೆರೆದ ಬಾಗಿಲಿನ ಸಂದಿಯಿಂದ ಒಂದು ಕೋಣೆ: ಮದುಮಗ ಚೀಲ ಬಗೆಯುತ್ತಾನೆ, ಡಬ್ಬಿ ತೆರೆಯುತ್ತಾನೆ, ಎರಡೂ ಜೇಬು ತಡವುತ್ತಾನೆ, ಬಾಯಿಗೆ ಏನನ್ನೋ ಹಾಕಿಕೊಳ್ಳುತ್ತಾನೆ, ಬೆನ್ನಿಗೆ ಏಟು ಬೀಳುತ್ತದೆ, ಗಂಟಲು ಏರಿ ಇಳಿಯುತ್ತದೆ.

"ಅಯ್ಯೋ, ನಾನು ಮಾತ್ರೆ ನುಂಗ್ತಿದ್ದಾನೆ ಅಂದ್ಕೊಂಡಿದ್ದೆ!" ಎಂದಳು ಹಸಿರು ಬಟ್ಟೆಯವಳು.

ಸಭೆಯ ಕಣ್ಣೆಲ್ಲ ಮದುಮಗನ ಹೊಟ್ಟೆಯ ಮೇಲೆ ನಿಂತಿತು. ಹೆಣ್ಣಿನ ತಂದೆ ನಿಧಾನವಾಗಿ ಎದ್ದರು. "ಅಂದ್ರೆ, ನನ್ನ ಮಗಳ ಮದುವೆ ಈಗ..." ಎಂದು ಬೆರಳು ತೋರಿಸಿದರು. ಸೋದರಮಾವ, ತಮಗೂ ಈ ಮದುವೆಗೂ ಸಂಬಂಧವಿಲ್ಲವೆಂಬಂತೆ, ಹೊರಗೆ ಹೋಗುವ ಬಾಗಿಲನ್ನು ಹುಡುಕುತ್ತಿದ್ದರು.

ಮದುಮಗಳು ಪರದೆಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು. "ಇಡೀ ದಿನದಲ್ಲಿ ಒಂದು ಸಲ. ಒಂದೇ ಒಂದು ಸಲ ನನ್ನನ್ನ ಸರಿಯಾಗಿ ನೋಡಿದ್ದೀರಾ ಅಂತ ಹುಡುಕ್ತಿದ್ದೆ," ಎಂದಳು. ಅಳುವುದೋ ನಗುವುದೋ ಗೊತ್ತಾಗದೆ ಅವಳ ತುಟಿ ಅಲುಗಿತು.

ಆಗ ಅವನು ನೋಡಿದ. ಎಡಗೆನ್ನೆಯಲ್ಲಿ ನಿಜವಾಗಿಯೂ ಒಂದು ಗುಳಿಯಿತ್ತು. ಕಣ್ಣಿದ್ದವರಿಗೆ ಯಾರಿಗಾದರೂ ಕಾಣುವಂಥದ್ದು. 'ಯಾಕೆ ಒಪ್ಪಿದಳು?' ಎಂಬ ಆರು ತಿಂಗಳ ಪ್ರಶ್ನೆ ಒಂದೇ ಕ್ಷಣದಲ್ಲಿ ಕರಗಿಹೋಯಿತು. ನಾಚಿಕೆ, ಪಶ್ಚಾತ್ತಾಪ, ಪ್ರೀತಿ ಎಲ್ಲ ಒಟ್ಟಿಗೆ ಮುಖಕ್ಕೆ ಬಂದು, ಕಣ್ಣು ತುಂಬಿಕೊಂಡು ಅವಳನ್ನೇ ನೋಡುತ್ತ ನಿಂತುಬಿಟ್ಟ.

"ಇದು! ಇದೇ ನೋಟ!" ಎಂದು ಕೂಗಿದಳು ಹಸಿರು ಬಟ್ಟೆಯವಳು. "ಅಯ್ಯೋ ನನ್ನ ಹಣೆಬರಹವೇ, ಫೋನು ತಂತಿಗೆ ಸಿಕ್ಕಿಸಿದ್ದೀನಲ್ಲ!"

"ಹಾಗೇ ಇರಿ ಸಾರ್, ಅಲುಗಾಡಬೇಡಿ!" ಎನ್ನುತ್ತ ವಿಡಿಯೋದವನು ಕ್ಯಾಮೆರಾಕ್ಕಾಗಿ ಓಡಿದ. ಅವನು ಹೊಸ ಕಾರ್ಡು ಹಾಕಿ ತರುವಷ್ಟರಲ್ಲಿ ಮದುಮಗನಿಗೆ ಬಿಕ್ಕಳಿಕೆ ಶುರುವಾಗಿತ್ತು. ವಿಡಿಯೋದವನು ಒಂದು ಕಣ್ಣು ಮುಚ್ಚಿ ನೋಡಿ ತಲೆಯಾಡಿಸಿದ.

"ಹೋಯ್ತು. ಪರವಾಗಿಲ್ಲ, ಉಂಗುರದಿಂದ ಎಲ್ಲಾ ಮತ್ತೆ ಮಾಡೋಣ. ನೀವು ಹೊರಗೆ ಹೋಗಿ, ನೀರು ಕುಡಿದು, ಬಾಗಿಲಿನಿಂದ ಇನ್ನೊಮ್ಮೆ ಬನ್ನಿ ಸಾರ್. ಅದೇ ನೋಟ ಇರಲಿ. ನಾನು ಬನ್ನಿ ಅಂದಾಗ ಬನ್ನಿ."

ಮದುಮಗ ಹೊರಗೆ ಹೋಗಿ ನೀರು ಕುಡಿದು ಬಾಗಿಲು ಹಾಕಿಕೊಂಡು ನಿಂತ. ಇನ್ನು ಜನ್ಮದಲ್ಲಿ ಯಾರ ಮೇಲೂ ಅನುಮಾನ ಪಡುವುದಿಲ್ಲವೆಂದು ಅವನು ಮನಸ್ಸಿನಲ್ಲೇ ಆಣೆಯಿಟ್ಟುಕೊಂಡ. ಎರಡು ನಿಮಿಷವಾಯಿತು, ಐದು ನಿಮಿಷವಾಯಿತು. ಒಳಗೆ ಅವನ ಹೆಂಡತಿ ಏನೋ ಪಿಸುಗುಟ್ಟಿದಳು. ವಿಡಿಯೋದವನು ನಕ್ಕ. ಆಮೇಲೆ ಹೆಣ್ಣಿನ ತಂದೆಯೂ ನಕ್ಕರು.

ಏನಿರಬಹುದು?

ಮದುಮಗ ಅತ್ತಿತ್ತ ನೋಡಿ ಮೆಲ್ಲನೆ ಬಾಗಿಲಿಗೆ ಕಿವಿಯಿಟ್ಟ. ಒಂದು ಮಾತೂ ಕೇಳಿಸಲಿಲ್ಲ. ಬೆನ್ನ ಹಿಂದೆ ಮಾತ್ರ ಯಾರೋ ಕಿಸಕ್ಕನೆ ನಕ್ಕಂತಾಯಿತು. ತಿರುಗಿದ. ಹಸಿರು ಬಟ್ಟೆಯವಳು ಇನ್ನೊಂದು ಬಾಗಿಲಿನಿಂದ ಬಂದು ನಿಂತಿದ್ದಳು. ಫೋನು ಈಗ ಅವಳ ಕೈಯಲ್ಲೇ ಇತ್ತು.