ಇಪ್ಪತ್ಮೂರು ಪಿನ್ನಿನ ಆಪು

ನಮ್ಮ ಚಿಕ್ಕಮ್ಮನಿಗೆ ಕಂಪ್ಯೂಟರ್ ಆನ್ ಮಾಡಲು ಬರುವುದಿಲ್ಲ. ಆದರೂ ಹರಿಹರದಿಂದ ದಾವಣಗೆರೆಯವರೆಗೆ ಎಲ್ಲಿ ಹುಡುಕಿದರೂ ಅವಳಷ್ಟು ಭಯಂಕರ ಸಾಫ್ಟ್‌ವೇರ್ ಪರೀಕ್ಷಕರು ಮತ್ತೊಬ್ಬರು ಸಿಗುವುದಿಲ್ಲ ಎಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ನಂಬುವುದಿಲ್ಲವೇ? ಬೇಡ ಬಿಡಿ. ಮೊದಮೊದಲು ನಾನೂ ನಂಬಿರಲಿಲ್ಲ. ಅದಕ್ಕೇ ಇಷ್ಟೆಲ್ಲ ಅನುಭವಿಸಿದೆ!

ಚಿಕ್ಕಮ್ಮ ಲೇಡೀಸ್ ಟೈಲರ್. ಹರಿಹರದಲ್ಲಿ ಮೂವತ್ತು ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದಾಳೆ. ಕೊರಳಲ್ಲಿ ಟೇಪು, ಕಿವಿಯ ಹಿಂದೆ ಸೀಮೆಸುಣ್ಣ, ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಪಿನ್ನು. ಬಾಯಲ್ಲಿ ಪಿನ್ನು ಇರುವಷ್ಟು ಹೊತ್ತು ಮಾತ್ರ ಅವಳು ಮೌನಿ. ಈ ರಹಸ್ಯ ತಿಳಿದ ನಮ್ಮ ಚಿಕ್ಕಪ್ಪ ಮನೆಯ ಹಾಲಿನಲ್ಲಿ ಒಂದು, ಅಡಿಗೆಮನೆಯಲ್ಲಿ ಒಂದು, ಹೀಗೆ ಎರಡು ಪಿನ್ನಿನ ಡಬ್ಬಿ ಇಟ್ಟಿದ್ದಾರೆ. ಪುಣ್ಯಾತ್ಮರು, ಸಂಸಾರ ಸುಖವಾಗಿ ಸಾಗಿದೆ.

ನಾನೋ, ದಾವಣಗೆರೆಯಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಇಬ್ಬರು ಗೆಳತಿಯರ ಜೊತೆ ಸೇರಿ ಆಪು, ವೆಬ್‌ಸೈಟು ಮಾಡಿಕೊಡುವವಳು. ನಮ್ಮ ಆಫೀಸು ಎಂದರೆ ಮೂರು ಕುರ್ಚಿ, ಅದರಲ್ಲಿ ಒಂದಕ್ಕೆ ಮೂರೇ ಕಾಲು. ಕಳೆದ ವರ್ಷ ಊರಿನ ಒಬ್ಬ ಮಕ್ಕಳ ಡಾಕ್ಟರು ಕರೆಸಿ, ತಮ್ಮ ಕ್ಲಿನಿಕ್ಕಿಗೆ ಟೋಕನ್ ಕೊಡುವ ಆಪು ಬೇಕೆಂದರು. ಸುತ್ತಲಿನ ಹಳ್ಳಿಗಳಿಂದ ತಾಯಂದಿರು ಬೆಳಕು ಹರಿಯುವ ಮೊದಲೇ ಕೂಸು ಎತ್ತಿಕೊಂಡು ಬಂದು ಬಾಗಿಲಲ್ಲಿ ಸಾಲು ನಿಲ್ಲುವುದನ್ನು ಅವರಿಗೆ ನೋಡಲಾಗುತ್ತಿರಲಿಲ್ಲ. ಒಂದೇ ಒಂದು ಷರತ್ತು.

"ಹತ್ತು ಜನ ತಾಯಂದಿರು ನನ್ನ ಕಣ್ಣೆದುರಿಗೆ ಟೋಕನ್ ತಗೋಬೇಕು. ಯಾರೂ ಹೇಳ್ಕೊಡೋ ಹಂಗಿಲ್ಲ. ಹತ್ತಕ್ಕೆ ಹತ್ತು ಆದ್ರೆ ಕೆಲಸ ನಿಮ್ದು."

ಈ ಕೆಲಸ ಸಿಗದಿದ್ದರೆ ಮೂರು ಕಾಲಿನ ಕುರ್ಚಿ ಸಮೇತ ನಾವು ಕೋಣೆ ಖಾಲಿ ಮಾಡಬೇಕಿತ್ತು. ಬೇರೆ ಕೆಲಸ ಯಾವುದೂ ಕೈಯಲ್ಲಿರಲಿಲ್ಲ.

ಆಪು ಸಿದ್ಧವಾದ ದಿನ ಜಂಬದಿಂದ ಹರಿಹರಕ್ಕೆ ಹೋದೆ. ಚಿಕ್ಕಮ್ಮ ಬೆರಗಾಗಲಿ ಎಂದು, ಆಪಿನ ಬಳಕೆ ಸುಲಭವೋ ಕಷ್ಟವೋ ಎಂದು ಅಳೆಯುವುದು ಎಂಥ ಘನವಾದ ಶಾಸ್ತ್ರ ಎಂದು ವಿವರಿಸಿದೆ. ಪರಿಣಾಮ, ದಕ್ಷತೆ, ತೃಪ್ತಿ ಎಂದೆಲ್ಲ ಹತ್ತು ನಿಮಿಷ ಕೊರೆದೆ. ಅವಳು ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡಳು.

"ಅಂದ್ರೆ, ಕೆಲಸ ಆತೋ ಇಲ್ಲೋ. ಎಷ್ಟೊತ್ತಿಗೆ ಆತು. ಆದಮ್ಯಾಲೆ ಮುಖ ಹೆಂಗಿತ್ತು. ಇಷ್ಟೇ ತಾನೆ?"

"ಹೂಂ... ಹೆಚ್ಚುಕಡಿಮೆ ಇಷ್ಟೇ."

"ಇದಕ್ಕೆ ನಾಕು ವರ್ಷ ಕಾಲೇಜಿಗೆ ಹೋದ್ಯಾ? ನನ್ನ ಅಂಗಡಿಯಾಗೆ ನಾಕು ದಿನ ಕುಂತಿದ್ರೆ ಸಾಕಿತ್ತಲ್ಲವ್ವಾ! ಇರ್ಲಿ, ಅಳತೆ ಬ್ಲೌಸ್ ಎಲ್ಲೈತೆ?"

ಆಪಿಗೆ ಅಳತೆ ಬ್ಲೌಸೇ! ಹೊಸ ಬ್ಲೌಸು ಹೊಲಿಸಲು ಹೋಗುವವರು ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ಕೊಟ್ಟು ಬರುತ್ತಾರಲ್ಲ, ಅದು. ನಾನು ನಕ್ಕು, ನಮ್ಮಲ್ಲಿಯೂ ಅಂಥದ್ದೊಂದು ಇದೆ ಎಂದು ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ತೋರಿಸಿದೆ. ರೇಖಾ, ಇಪ್ಪತ್ತೆಂಟು ವರ್ಷ, ಪದವೀಧರೆ, ಎರಡು ವರ್ಷದ ಮಗುವಿನ ತಾಯಿ, ಬಿಡುವಿನಲ್ಲಿ ಯೋಗ. ಅವಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಪು ಮಾಡಿದ್ದೆವು.

"ಯಾವೂರಾಕಿ?"

"ಯಾವೂರೂ ಅಲ್ಲ ಚಿಕ್ಕಮ್ಮ. ಕಲ್ಪನೆ. ಫೋಟೋ ಇಂಟರ್ನೆಟ್ಟಿಂದ ತಗೊಂಡಿದ್ದು."

ಚಿಕ್ಕಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನ ಮುಖ ನೋಡಿದಳು. "ಇಲ್ಲದಿರೋ ಹೆಂಗ್ಸಿಗೆ ಬ್ಲೌಸ್ ಹೊಲಿದು, ಇರೋ ಹೆಂಗ್ಸಿಗೆ ಹಾಕ್ಕಾ ಅಂತೀಯಲ್ಲ! ಕಂಕುಳಾಗೆ ಹಿಡೀದೆ ಇನ್ನೇನಾಗ್ತೈತೆ?"

ತಕ್ಷಣವೇ ಒಬ್ಬ ನಿಜವಾದ ಹೆಂಗಸನ್ನು ಕರೆಸಲಾಯಿತು. ಪಕ್ಕದ ಮನೆಯ ಮುಮ್ತಾಜ್ ಆಪಾ. ಚಿಕ್ಕಮ್ಮನ ಅಂಗಡಿಗೆ ಬರುವ ಸೀರೆಗಳಿಗೆಲ್ಲ ಕುಚ್ಚು ಕಟ್ಟುವವರು. ಅವರ ಕೈಗೆ ಫೋನು ಕೊಟ್ಟು, ಮೊಮ್ಮಗನಿಗೆ ಒಂದು ಟೋಕನ್ ತೆಗೆಯಲು ಹೇಳಿದೆವು. ನಾನು ಪಕ್ಕದಲ್ಲಿ ಬಗ್ಗಿ, "ಮೇಲೆ ಆ ನೀಲಿ ಗುಂಡಿ..." ಎನ್ನುವಷ್ಟರಲ್ಲಿ ಚಿಕ್ಕಮ್ಮ ನಾಲ್ಕು ಗುಂಡುಪಿನ್ನು ತಂದು ನನ್ನ ತುಟಿಗಳ ನಡುವೆ ಸಿಕ್ಕಿಸಿಬಿಟ್ಟಳು!

"ಟ್ರಯಲ್ ಟೈಮಲ್ಲಿ ಹೊಲಿದೋಳು ಬಾಯಿ ಬಿಡಬಾರದು. ಚೆನ್ನಾಗೈತೆ ಅಲ್ವಾ, ಚೆನ್ನಾಗೈತೆ ಅಲ್ವಾ ಅಂತ ನಾವೇ ಬಡ್ಕಂಡ್ರೆ ಅವ್ರು ಪಾಪ ಹೂಂ ಅಂದು ಹೋಗ್ತಾರೆ. ಮನಿಗೆ ಹೋಗಿ ಕೈ ಎತ್ತಿದಾಗ ಹರೀತೈತೆ."

ಆಮೇಲೆ ಶುರುವಾಯಿತು ಅಳತೆ. ಹೊತ್ತನ್ನು ಅಳೆಯಲು ಅವಳು ಗಡಿಯಾರ ನೋಡಲಿಲ್ಲ, ಕೈಯಲ್ಲಿದ್ದ ಬ್ಲೌಸಿಗೆ ಹುಕ್ಸು ಹಾಕುತ್ತಾ ಕುಳಿತಳು. ಆಪಾ ಎಲ್ಲಿ ತಡವರಿಸಿದರೂ, ಲೊಚ್ ಎಂದರೂ, ಪರದೆಯನ್ನು ಸೆರಗಿಗೆ ಒರೆಸಿದರೂ, ತಲೆ ಎತ್ತಿ ನಮ್ಮ ಮುಖ ನೋಡಿದರೂ ಪಕ್ಕದಲ್ಲಿದ್ದ ಪಿನ್ನಿನ ಮೆತ್ತೆಗೆ ಒಂದು ಪಿನ್ನು ಚುಚ್ಚುವಳು. ಕೊನೆಗೆ ಎಣಿಸಿದರೆ ಇಪ್ಪತ್ಮೂರು ಪಿನ್ನು, ಹನ್ನೆರಡು ಹುಕ್ಸು!

"ಎರಡು ಬ್ಲೌಸೇ ಮುಗದ್ವು" ಎಂದಳು ಚಿಕ್ಕಮ್ಮ. "ಟೋಕನ್ ಮಾತ್ರ ಬರ್ಲಿಲ್ಲ."

"ಛೋಡೋ ಬೇಟಿ" ಎಂದರು ಆಪಾ, ಫೋನು ವಾಪಸು ಕೊಡುತ್ತಾ. "ನಂಗೇ ದಿಮಾಗ್ ಇಲ್ಲ ಇದಕ್ಕೆಲ್ಲ."

ಚಿಕ್ಕಮ್ಮನಿಗೆ ಎಲ್ಲಿತ್ತೋ ಸಿಟ್ಟು! "ಏನಂದ್ರಿ ಆಪಾ? ಬ್ಲೌಸ್ ಹಿಡಿದ್ರೆ ತೋಳು ಕೊಯ್ಕಂತೀರೇನು? ನಿಮ್ದೇನೂ ತಪ್ಪಿಲ್ಲ, ತಪ್ಪೆಲ್ಲಾ ಇಕಿದು!" ಎಂದು ನನ್ನ ಕಡೆ ಕತ್ತರಿ ತೋರಿಸಿದಳು. ಬಾಯಲ್ಲಿ ಪಿನ್ನು ಇದ್ದುದರಿಂದ ನಾನು ಪ್ರತಿವಾದ ಮಾಡುವಂತಿರಲಿಲ್ಲ.

ನನಗೆ ಸಿಕ್ಕ ಪರೀಕ್ಷಾ ವರದಿ ಹೀಗಿತ್ತು: ಇಪ್ಪತ್ಮೂರು ಪಿನ್ನು ಚುಚ್ಚಿದ ಒಂದು ಕೆಂಪು ಮೆತ್ತೆ, ಜೊತೆಗೆ ನಾನು ತಂದಿದ್ದ ಆಪಿನ ಪುಟಗಳ ಪ್ರಿಂಟುಗಳ ಮೇಲೆ ಸೀಮೆಸುಣ್ಣದಲ್ಲಿ "ಇಲ್ಲಿ ಟೈಟು", "ಇಲ್ಲಿ ಜೋಲು", "ಈ ಗುಂಡಿ ಯಾರಿಗೆ?" ಎಂಬ ಷರಾಗಳು. ಮೆತ್ತೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಾಗ ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಯಾರಿಗೆ ಮಾಡ್ಸಿದ್ದು ಮೇಡಂ? ಕೆಲಸ ಮಾಡ್ತೈತಾ?" ಎಂದು ಪಿಸುಗುಟ್ಟಿದ. ಮಾಟದ ಸಾಮಾನು ಎಂದುಕೊಂಡಿದ್ದ! ನಾನು ಸಾಫ್ಟ್‌ವೇರಿಗೆ ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ಮುಂದಿನವರ ಟಿಕೆಟ್ ಹರಿದ.

ಅಂದಿನಿಂದ ಚಿಕ್ಕಮ್ಮನಿಗೆ ಹುಚ್ಚೇ ಹಿಡಿಯಿತು. ಕಂಡದ್ದಕ್ಕೆಲ್ಲ ಪಿನ್ನು! ಟಿವಿ ರಿಮೋಟಿಗೆ ಹದಿನಾಲ್ಕು. ಗ್ಯಾಸ್ ಬುಕ್ ಮಾಡುವಾಗ ಫೋನಿನಲ್ಲಿ ಒಂದನ್ನು ಒತ್ತಿ ಎರಡನ್ನು ಒತ್ತಿ ಎನ್ನುವ ಆ ದನಿಗೆ ಒಂಬತ್ತು. ಆನಗೋಡಿನ ಮದುವೆಯೊಂದರಲ್ಲಿ ಊಟದ ತಟ್ಟೆ ಒಂದು ತುದಿಗೆ, ಚಮಚ ಇನ್ನೊಂದು ತುದಿಗೆ ಇಟ್ಟಿದ್ದಕ್ಕೆ ಆರು; ಬೀಗರ ಎದುರಿಗೇ ಸೆರಗಿಗೆ ಚುಚ್ಚಿಕೊಂಡಳು. ಚಿಕ್ಕಪ್ಪನ ಹೊಸ ಫೋನಿಗೆ ಏಳು. ಚಿಕ್ಕಪ್ಪನಿಗೆ ಹನ್ನೊಂದು.

ಆಪಿನ ಕೆಲಸವನ್ನಂತೂ ಅವಳು ಬಿಡಲೇ ಇಲ್ಲ. ಬ್ಲೌಸು ಹಾಕಿಸಿ "ಕೈ ಎತ್ತು" ಎನ್ನುವ ಹಾಗೆ, ಆಪಿಗೂ ಒಂದು ಕೈ ಎತ್ತುವ ಪರೀಕ್ಷೆ ಬೇಕೆಂದಳು. ತಾಯಿಯ ಒಂದು ಕೈಯಲ್ಲಿ ಕೂಸು ಇರುತ್ತದೆ, ಆದ್ದರಿಂದ ಎಲ್ಲವೂ ಒಂದೇ ಹೆಬ್ಬೆರಳಿನಲ್ಲಿ ಆಗಬೇಕು. ಕೂಸಿನ ಬದಲಿಗೆ ನನ್ನ ಸೊಂಟಕ್ಕೆ ಮೊದಲು ಮಂಡಕ್ಕಿ ಚೀಲ ಕೊಟ್ಟಳು. ಅದು ನನಗಿಂತ ದಪ್ಪಗಿದ್ದರೂ ಭಾರವೇ ಇರಲಿಲ್ಲ. ಹಾಗಾಗಿ ಎಂಟು ಕಿಲೋ ಅಕ್ಕಿಯ ಚೀಲ ಬಂತು. ಅದನ್ನು ಕಂಕುಳಲ್ಲಿ ಇರುಕಿಕೊಂಡು, ಅಂಗಡಿಯ ಮುಂದೆ ಅತ್ತಿಂದಿತ್ತ ನಡೆಯುತ್ತಾ, ಚೀಲಕ್ಕೆ ಜೋಜೋ ಎನ್ನುತ್ತಾ ನಾನು ಟೋಕನ್ ತೆಗೆಯುತ್ತಿದ್ದರೆ ಹರಿಹರದ ಅರ್ಧ ಜನ ನಿಂತು ನೋಡಿದರು. ಜೋಜೋ ಯಾಕೆ ಅಂದಿರಾ? ಚಿಕ್ಕಮ್ಮನ ಆಜ್ಞೆ!

ಆದರೆ ಒಂದು ಮಾತು ಒಪ್ಪಬೇಕು. ಇಪ್ಪತ್ಮೂರು ಪಿನ್ನು ಹದಿನೈದಾಯಿತು, ಆರಾಯಿತು, ಎರಡಾಯಿತು. ಒಂದು ಮಧ್ಯಾಹ್ನ ಮುಮ್ತಾಜ್ ಆಪಾ ಮೂರೇ ಹುಕ್ಸಿನ ಹೊತ್ತಿನಲ್ಲಿ ಟೋಕನ್ ತೆಗೆದು, "ಇಷ್ಟೇನಾ?" ಎಂದರು. ಮೆತ್ತೆ ಖಾಲಿ. ನಾನೂ ಚಿಕ್ಕಮ್ಮನೂ ಕುಣಿಯುವುದೊಂದು ಬಾಕಿ.

ಡಾಕ್ಟರು ಕೊಟ್ಟ ದಿನ ಚಿಕ್ಕಮ್ಮನನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೋದೆ. ಅವರು ಹತ್ತೂ ಕೂಸುಗಳನ್ನು ಮೊದಲು ನೋಡಿ ಮುಗಿಸಿ, ತಾಯಂದಿರನ್ನು ಸ್ವಲ್ಪ ಹೊತ್ತು ಕೂರಲು ಕೇಳಿಕೊಂಡಿದ್ದರು. ಮುಂದಿನ ಸಲದ ಟೋಕನ್ನನ್ನು ಅವರವರ ಫೋನಿನಲ್ಲಿ ಅವರೇ ತೆಗೆಯಬೇಕು. ಚಿಕ್ಕಮ್ಮ ನನ್ನ ಬಾಯಿಗೆ ನಾಲ್ಕು ಪಿನ್ನು ಕೊಟ್ಟು, ತಾನು ನಾಲ್ಕು ಇಟ್ಟುಕೊಂಡು, ಡಾಕ್ಟರಿಗೂ ನಾಲ್ಕು ಚಾಚಿದಳು. ಅವರು ಗಾಬರಿಯಿಂದ ಕೈಮುಗಿದು, ಬಾಯಿಯ ಮೇಲೆ ತಾವೇ ಬೆರಳಿಟ್ಟುಕೊಂಡು ಬಾಗಿಲಲ್ಲಿ ನಿಂತರು.

ಒಬ್ಬರಾದ ಮೇಲೆ ಒಬ್ಬರು ಸಲೀಸಾಗಿ ಮುಗಿಸಿದರು. ಒಂಬತ್ತು ಜನ! ನನ್ನ ಕಣ್ಣಿಗೆ ಆಗಲೇ ಕುರ್ಚಿಯ ನಾಲ್ಕನೆಯ ಕಾಲು ಕಾಣಿಸತೊಡಗಿತ್ತು.

ಹತ್ತನೆಯವಳು ಕೊಂಡಜ್ಜಿ ಎಂಬ ಹಳ್ಳಿಯವಳು. ತೀರಾ ಚಿಕ್ಕ ವಯಸ್ಸು, ಕೈಯಲ್ಲಿ ಹಳೆಯ ಫೋನು, ಹೆಗಲ ಮೇಲೆ ನಿದ್ದೆಗೆಟ್ಟು ಅಳುವ ಕೂಸು. ಕೂಸಿನ ಹೆಸರು ಬರೆದಳು, ವಯಸ್ಸು ಬರೆದಳು, ಊರು ಬರೆದಳು. ಓಟಿಪಿ ಬಂತು. ಅದನ್ನು ನೋಡಲು ಮೆಸೇಜಿಗೆ ಹೋಗಿ ವಾಪಸು ಬಂದಳು. ಬರೆದದ್ದೆಲ್ಲ ಅಳಿಸಿ ಹೋಗಿತ್ತು! ಆ ಹಳೆಯ ಫೋನು, ಆಪಿನಿಂದ ಆಚೆ ಹೋದೊಡನೆ ಆಪನ್ನೇ ಮುಚ್ಚಿಬಿಡುತ್ತಿತ್ತು. ನಮ್ಮ ಫೋನುಗಳಲ್ಲಿ ಹಾಗೆ ಆಗಿರಲೇ ಇಲ್ಲ. ಚಿಕ್ಕಮ್ಮ ಒಂದು ಪಿನ್ನು ಚುಚ್ಚಿದಳು. ಹುಡುಗಿ ಮತ್ತೆ ಮೊದಲಿನಿಂದ ಹೆಸರು ಬರೆದಳು. ಮತ್ತೆ ಅಳಿಸಿತು. ಎರಡು ಪಿನ್ನು. ಕೂಸು ಜೋರಾಗಿ ಅತ್ತಿತು. ಮೂರನೆಯ ಸಲವೂ ಅಳಿಸಿತು. ಅವಳು ಫೋನಿನಿಂದಲೇ ಹಣೆ ಚಚ್ಚಿಕೊಂಡು, "ನಂದೇ ತಪ್ಪು ರೀ, ನಾನು ದಡ್ಡಿ" ಎಂದಳು.

ಚಿಕ್ಕಮ್ಮ ಬಾಯಲ್ಲಿದ್ದುದನ್ನು ನೆಲಕ್ಕೆ ಉಗುಳಿ ಎದ್ದಳು. ಪಕ್ಕದಲ್ಲಿ ಕುಳಿತು, ಕೂಸನ್ನು ತನ್ನ ತೊಡೆಗೆ ಹಾಕಿಕೊಂಡು, ಎಲ್ಲವನ್ನೂ ಮತ್ತೊಮ್ಮೆ ಬರೆಸಿ, ಮೆಸೇಜು ಬಂದ ಕೂಡಲೇ ಪರದೆಯ ಮೇಲೆ ಇಣುಕುವ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದಳು. ಟೋಕನ್ ಬಂತು. ಹುಡುಗಿ ಕಣ್ಣೊರೆಸಿಕೊಂಡು ಕೇಳಿದಳು, "ಆಗ್ಲಿಂದ ನೋಡ್ತಾನೇ ಕುಂತಿದ್ರಲ್ಲಕ್ಕಾ, ಮೊದ್ಲೇ ಹೇಳಬಾರದಾಗಿತ್ತಾ?"

ಚಿಕ್ಕಮ್ಮ ಕೂಸನ್ನು ಅವಳ ಕೈಗೆ ಕೊಟ್ಟು ಎದ್ದಳು. ನನ್ನ ತುಟಿಗಳ ನಡುವೆ ಪಿನ್ನು ಇನ್ನೂ ಹಾಗೇ ಇದ್ದವು.

"ಒಂಬತ್ತೇ ಬರ್ಕಳ್ರಿ ಸಾರ್" ಎಂದು ಚಿಕ್ಕಮ್ಮನೇ ಡಾಕ್ಟರಿಗೆ ಹೇಳಿದಳು. "ಹತ್ತನೇದಕ್ಕೆ ನಾನು ಬಾಯಿ ಹಾಕೀನಿ." ಡಾಕ್ಟರು, ಸರಿಮಾಡಿಕೊಂಡು ಹದಿನೈದು ದಿನ ಬಿಟ್ಟು ಬನ್ನಿ, ನೋಡೋಣ ಎಂದರು. ಆಮೇಲೆ ಕೆಲಸ ಸಿಕ್ಕಿತು ಎಂದು ಈಗಲೇ ಹೇಳಿಬಿಡುತ್ತೇನೆ, ನೀವು ಚಿಂತೆ ಮಾಡುವುದು ಬೇಡ. ಆದರೆ ಅಂದು ಚಿಕ್ಕಮ್ಮನನ್ನು ಮನೆಗೆ ಬಿಡಲು ಹರಿಹರದ ಬಸ್ಸು ಹತ್ತಿದಾಗ ಅದು ನನಗೆ ಗೊತ್ತಿರಲಿಲ್ಲ. ನನಗೆ ಸಿಟ್ಟು ಬಂದಿತ್ತು.

"ಇನ್ನೊಂದು ನಿಮಿಷ ಸುಮ್ನೆ ಇದ್ದಿದ್ರೆ ಆಕಿನೇ ಹೆಂಗೋ ಮಾಡ್ತಿದ್ಲು" ಎಂದೆ.

ಚಿಕ್ಕಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಮೂರು ಸಲ ಬರದ್ಲವ್ವಾ ಕೂಸಿನ ಹೆಸ್ರು. ಮೂರನೇ ಸಲ ಆಕಿ ಹೆಸ್ರೇ ತಪ್ಪು ಬರದಿದ್ಲು. ತನ್ನ ಕೂಸಿನ ಹೆಸ್ರು! ನಾನು ಎಣಿಸ್ಕಂತ ಕುಂತಿದ್ದೆ. ಮೂವತ್ತು ವರ್ಷದಾಗೆ ನನ್ನ ಕನ್ನಡಿ ಮುಂದೆ ಒಬ್ಳು ಹೆಂಗ್ಸನ್ನೂ ಅಳಕ್ಕೆ ಬಿಟ್ಟೋಳಲ್ಲ ನಾನು." ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಚಿಕ್ಕಮ್ಮ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನನಗೆ ನಾಚಿಕೆಯಾಯಿತು. ಆ ಹುಡುಗಿ ಅಳುವಾಗ ನಾನು ನನ್ನ ಆಫೀಸಿನ ಲೆಕ್ಕ ಹಾಕುತ್ತಿದ್ದೆ. ಈಗ ಆಫೀಸು ಏನಾದರೂ ಆಗಲಿ, ಅವಳು ಇನ್ನೆಂದೂ ಆ ಹೆಸರನ್ನು ಮತ್ತೆ ಮತ್ತೆ ಬರೆಯುವಂತಾಗಬಾರದು ಎಂದಷ್ಟೇ ಅನ್ನಿಸಿತು. ಲ್ಯಾಪ್‌ಟಾಪು ತೆಗೆದು ತೊಡೆಯ ಮೇಲಿಟ್ಟುಕೊಂಡು, ಬರೆದದ್ದು ಅಳಿಸದೆ ಉಳಿಯುವಂತೆ ಮಾಡಲು ಕುಳಿತೆ. ಬಸ್ಸು ಕುಲುಕಿದಾಗಲೆಲ್ಲ ಅದು ಜಾರುತ್ತಿತ್ತು. ಚಿಕ್ಕಮ್ಮ ಏನೂ ಕೇಳದೆ ಎರಡೂ ಕೈ ಚಾಚಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹರಿಹರ ಬಂತು. ಜನ ಇಳಿಯತೊಡಗಿದರು.

"ಇನ್ನೂ ಎಷ್ಟೈತೆ?" ಎಂದಳು.

"ಸ್ವಲ್ಪ ಐತೆ ಚಿಕ್ಕಮ್ಮ."

"ಮಾಡು" ಎಂದಳು. ಕಂಡಕ್ಟರು ಬಂದು ಇಳಿಯಿರಿ ಎನ್ನುವವರೆಗೂ ಅವಳು ಕೈ ತೆಗೆಯಲಿಲ್ಲ.