ಗೊರವಂಕನ ಪದ್ಯದಲ್ಲಿ ಎರಡು ಮಾತ್ರೆ ಕಡಿಮೆ

ನನ್ನ ದೊಡ್ಡಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅದರಲ್ಲೂ ಮೂರನೆಯದಕ್ಕೇ ಎರಡು ವರ್ಷ ಹಿಡಿಯಿತು! ಆದರೂ ಛಂದಸ್ಸಿನ ವಿಷಯದಲ್ಲಿ, ಹುಣಸೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು ಅವರೆದುರು ಬಾಯಿ ಬಿಡುವ ಹಾಗಿಲ್ಲ.

ಅವರ ಕಿವಿ ಅಂಥದ್ದು. ಒಮ್ಮೆ ಕಂಪಲಾಪುರದಲ್ಲಿ ನನ್ನೊಡನೆ ಬಸ್ಸು ಹತ್ತಿದವರು ಇಂಜಿನ್ ಸದ್ದು ಕೇಳಿದ್ದೇ, "ಇದು ಉಣಸೂರು ಮುಟ್ಟಾಕಿಲ್ಲ ಕಣ್ಲಾ, ಇಳಿ" ಅಂದು ತಾವು ಇಳಿದುಬಿಟ್ಟರು. ನಾನು ಇಳಿಯಲಿಲ್ಲ. ಅರ್ಧ ದಾರಿಯಲ್ಲಿ ಬಸ್ಸು ತಳ್ಳುತ್ತಿದ್ದಾಗ, ಹಿಂದಿನ ಬಸ್ಸಿನಲ್ಲಿ ಬಂದ ದೊಡ್ಡಪ್ಪ ಕಿಟಕಿಯಿಂದ ಕೈ ಬೀಸಿಕೊಂಡು ಹೋದರು!

ಹೋದ ವರ್ಷ ಒಂದು ಮಧ್ಯಾಹ್ನ ಅವರು ಮನೆ ಮುಂದಿನ ಚಪ್ಪರದಡಿ ಕೂತು ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಪಕ್ಕದಲ್ಲಿ ನಾನು ಮರುದಿನದ ಪಾಠಕ್ಕೆ ಒಂದು ಪದ್ಯದ ಲಘು-ಗುರು ಗುರುತು ಹಾಕುತ್ತಿದ್ದೆ. ಪ್ರಿನ್ಸಿಪಾಲರೇ ಬಂದು ಕೂತು ಕೇಳುವ ಪಾಠ. ಎಡವಿದರೆ ಮಾನ ಉಳಿಯುತ್ತದೆಯೆ?

ಪದ್ಯ ಜೋಡಿ ಗೊರವಂಕಗಳ ಕಥೆ. ಗಂಡು ಬಡಾಯಿ ಕೊಚ್ಚುತ್ತದೆ. ಪ್ರತಿ ನುಡಿಯ ಕೊನೆಗೆ ಹೆಣ್ಣು "ಹೂಂ" ಅನ್ನುತ್ತದೆ. ಮೂರನೇ ನುಡಿ ಮುಗಿಯುತ್ತಲೇ ಗಿಡುಗನ ನೆರಳು ಗೂಡಿನ ಮೇಲೆ ಹಾಯುತ್ತದೆ. ನಾಲ್ಕನೆಯದರಲ್ಲಿ ಗಂಡಿನದು ಮತ್ತದೇ ಬಡಾಯಿ. ಬಡಾಯಿಕೋರನಿಗೆ ಬುದ್ಧಿ ಬರುವುದಿಲ್ಲ, ಇದೇ ನೀತಿ ಎಂದು ಬರೆದುಕೊಂಡೆ.

"ಕೊನೇ ಸಾಲಲ್ಲಿ ಎರಡು ಮಾತ್ರೆ ಕಡಿಮೆ ಇದೆಯಲ್ಲ!" ಅಂದೆ.

"ಬಿಪಿದಾ, ಸಕ್ಕರೆ ಕಾಯ್ಲೆದಾ?" ಅಂದರು ದೊಡ್ಡಪ್ಪ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ವಿವರಿಸಿದೆ. "ಓದು ಮತ್ತೆ" ಅಂದರು. ನಾನು ಓದಿದ ಹಾಗೆಲ್ಲ ಲಘುವಿಗೆ ಒಂದೆಲೆ, ಗುರುವಿಗೆ ಎರಡೆಲೆ ಕಡ್ಡಿಗೆ ಏರಿದವು. ನುಡಿಗೊಂದು ಕಡ್ಡಿ. ಒಂದೆಲೆಯೂ ತಪ್ಪಲಿಲ್ಲ! ಆ ಕೈಗಳನ್ನು ನೋಡುತ್ತ ಬೆರಗಾಗಿ ಕೂತೆ. ನಾಲ್ಕನೇ ಕಡ್ಡಿಯ ತುದಿಯಲ್ಲಿ ಎರಡೆಲೆಯ ಜಾಗ ಖಾಲಿ ಉಳಿಯಿತು.

"ಅಚ್ಚಿನ ತಪ್ಪು" ಎಂದು ನಾನು ಪೆನ್ನು ತೆಗೆದು ಅಲ್ಲೊಂದು "ಹೂಂ" ಸೇರಿಸಿದೆ. ಛಂದಸ್ಸು ಸರಿಹೋಯಿತು!

"ಒಡ್ದಾಕು ಅದ್ನ," ದೊಡ್ಡಪ್ಪ ಗದರಿದರು. "ಗಿಡ್ಗ ಒತ್ಕಂಡೋದ್ಮೇಲೆ ಊಂ ಅನ್ನಾಕೆ ಅವ್ಳೆಲ್ಲವ್ಳೆ? ಅವನು ಬಡಾಯಿ ಕೊಚ್ತಿಲ್ಲ ಕಣ್ಲಾ. ಊಂ ಅಂತಾಳೇನೋ ಅಂತ ಕಾಯ್ತಾವ್ನೆ."

ನನ್ನ ಎಂ.ಎ. ಪದವಿ ಅಲ್ಲೇ ಜಾರಿಬಿತ್ತು. ಕವಿ ಬೇಕೆಂದೇ ಬಿಟ್ಟ ಜಾಗಕ್ಕೆ ನಾನು ಮುಚ್ಚಳ ಹಾಕಲು ಹೊರಟಿದ್ದೆನಲ್ಲ! ನಾಚಿಕೆಯಿಂದ ಅದನ್ನು ಹೊಡೆದುಹಾಕಿದೆ.

ದೊಡ್ಡಮ್ಮ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು.

ದೊಡ್ಡಪ್ಪ ಒಂದು ಕಡ್ಡಿಯನ್ನೆತ್ತಿ ಬೆಳಕಿಗೆ ಹಿಡಿದರು. "ಈ ಸಲ ಸೊಪ್ಪು ಚೆಂದಾಗಿ ಬಂದದೆ" ಅಂದವರೇ ಅಡುಗೆಮನೆಯ ಕಡೆ ಮುಖ ಮಾಡಿ ಕಿವಿಗೊಟ್ಟರು. ಹೂಂ ಅನ್ನಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ.