ದೇವರ ಹೆಸರು ಬರೆದ ಮೋಟರು

ಯಜ್ಞೇಶ್ವರನ ಬಾಲ್ಕನಿಯಲ್ಲಿದ್ದ ಯಂತ್ರಕ್ಕೆ ದೋಷವೆಂಬುದು ಇದ್ದದ್ದು ಒಂದೇ. ಅದಕ್ಕೆ ಬಾಯಿ ಇತ್ತು.

ಅರ್ಧ ಮಂಚದಷ್ಟು ದೊಡ್ಡದಾದ ಆ ಕೆತ್ತನೆಯ ಯಂತ್ರವನ್ನು ಅವನು ತನ್ನ ಕೈಯಾರೆ ಕಟ್ಟಿದ್ದ. ಕಂಪ್ಯೂಟರಿನಲ್ಲಿ ಅಕ್ಷರ ಬರೆದುಕೊಟ್ಟರೆ ಅದು ಮರದಲ್ಲಿ ಹಾಗೆಯೇ ಕೊರೆಯುತ್ತಿತ್ತು. ಆದರೆ ಕೊರೆಯುವ ಉಕ್ಕಿನ ಮೊನೆಯನ್ನು, ಅಂದರೆ ಬಿಟ್ಟನ್ನು, ಹಿಡಿದು ತಿರುಗಿಸುವ ಮೋಟರು, ಅದಕ್ಕೆ ಸ್ಪಿಂಡಲ್ ಎನ್ನುತ್ತಾರೆ, ಬಡಗಿಯೊಬ್ಬ ಬಿಸಾಡಿದ ಹಳೆಯ ಸಾಮಾನು. ಅದು ಶುರುವಾಯಿತೆಂದರೆ ಹಂದಿಯನ್ನು ಕೋಲಿಗೆ ಕಟ್ಟಿ ಹೊತ್ತೊಯ್ಯುವಾಗಿನ ಅರಚಾಟ. ವರ್ತಕ ನಗರದ ಆ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ತೊಟ್ಟಿಲ ಮಕ್ಕಳು ಬೆಚ್ಚಿ ಅಳುತ್ತಿದ್ದವು, ಮುದುಕರು ಕಿವಿಯ ಮಿಶನ್ನು ತೆಗೆದು ಡಬ್ಬಿಯೊಳಗೆ ಇಡುತ್ತಿದ್ದರು.

ಹಾಗಂತ ಬಿಟ್ಟುಬಿಡುವ ಹಾಗೂ ಇರಲಿಲ್ಲ. ಹಗಲಿಡೀ ಭಿವಂಡಿಯ ಗೋದಾಮಿನಲ್ಲಿ ಲಾರಿಗಳಿಗೆ ಮಾಲು ಹತ್ತಿಸುವ ಕೆಲಸ ಅವನದು. ಅಲ್ಲಿ ಡ್ರೈವರು ಅವನ ಮಾತು ಕೇಳುವುದಿಲ್ಲ, ಹಮಾಲಿ ಕೇಳುವುದಿಲ್ಲ. ಮನೆಯಲ್ಲಿ ಮಗಳು ಅಪೇಕ್ಷಾ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಇಲ್ಲ ಅನ್ನುತ್ತಾಳೆ. ಈ ಭೂಮಿಯ ಮೇಲೆ ಅವನು ಹೇಳಿದ ಹಾಗೆ ಕೇಳುತ್ತಿದ್ದದ್ದು ಆ ಯಂತ್ರ ಒಂದೇ. ಎಡಕ್ಕೆ ಅಂದರೆ ಎಡಕ್ಕೆ, ನಿಲ್ಲು ಅಂದರೆ ನಿಂತಿತು. ಮನುಷ್ಯನಿಗೆ ದೇವರು ಇಷ್ಟಾದರೂ ಕೊಡಬೇಡವೇ?

ಕೆಳಮನೆಯ ದಳವಿ, ಸೊಸೈಟಿಯ ಸೆಕ್ರೆಟರಿ, ಕಡೆಯ ಮಾತು ಹೇಳಿಬಿಟ್ಟಿದ್ದ: "ಅಣ್ಣಾ, ಶನಿವಾರ್ ತಕ್. ಶನಿವಾರ ಸಾಯಂಕಾಲ ನಾನು ಕಿವಿಕೊಟ್ಟು ಕೇಳ್ತೇನೆ. ಆವಾಜ್ ಬಂದರೆ ಮಶೀನ್ ಬಾಹರ್."

ಅದಕ್ಕಾಗಿಯೇ ಹೊಸ ಮೋಟರು. ಚೀನಾದಿಂದ ಹಡಗು ಹತ್ತಿ ಬಂದ, ನೀರಿನಲ್ಲಿ ತಂಪಾಗುವ, ಸದ್ದಿಲ್ಲದ ಮೋಟರು. ಶನಿವಾರ ಬೆಳಿಗ್ಗೆ ಅದು ಬಂದಾಗ ಎದುರುಮನೆಯ ಶಿವರಾಯ ಲುಂಗಿ ಎತ್ತಿಕಟ್ಟಿ ಸಹಾಯಕ್ಕೆ ನಿಂತ. ವಿಜಾಪುರದ ಕಡೆಯವನು, ಕರೆಯದಿದ್ದರೂ ಬರುವವನು.

"ಏನ್ರಿ ಅಣ್ಣಾರ, ಇದು ಮೋಟರೋ ಗುಂಡಕಲ್ಲೋ? ನನ್ನ ನಡಾನ ಮುರದ್ಹೋತು!"

"ಮೆಲ್ಲ, ಮೆಲ್ಲ ಶಿವರಾಯರೇ. ಅದಕ್ಕೆ ಪೆಟ್ಟಾದರೆ ನನ್ನ ಕತೆ ಮುಗಿಯಿತು."

ಹಳೆಯದನ್ನು ಬಿಚ್ಚಿ ಹೊಸದನ್ನು ಬಿಗಿದದ್ದಾಯಿತು. ತಂಪಿಗೆಂದು ಎರಡು ಕೊಳವೆ. ಅವುಗಳ ಕೊನೆಗೆ ಪುಟ್ಟ ಪಂಪು. ಆ ಪಂಪು ಮುಳುಗಲು ಒಂದು ಬಕೆಟ್ ನೀರು. ನೀರು ಬರುವುದೇ ಬೆಳಿಗ್ಗೆ ಒಂದು ಹೊತ್ತು. ವಿನೋದಾ ತುಂಬಿಟ್ಟಿದ್ದ ಬಕೆಟಿಗೆ ಅವನು ಕೈಹಾಕಿದಾಗ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನಮಗೆ ಮೀಯಲಿಕ್ಕೆ ನೀರಿಲ್ಲ, ನಿಮ್ಮ ಮೋಟರಿಗೆ ಅಭಿಷೇಕವಾ?"

"ಒಂದೇ ಬಕೆಟ್ ಮಾರಾಯ್ತಿ. ಅದೇ ನೀರು ಸುತ್ತಿ ಸುತ್ತಿ ಬರ್ತದೆ."

"ನಮ್ಮ ಸಂಸಾರದ ಹಾಗೆ," ಎಂದು ಅವಳು ಒಳಗೆ ಹೋದಳು.

ಇಷ್ಟರಲ್ಲಿ ಗುರುವಪ್ಪಣ್ಣ ಬಂದರು. ಹಿಂದಿನ ಓಣಿಯ ಶನೈಶ್ಚರ ಭಜನಾ ಮಂದಿರಕ್ಕೆ ಅವರೇ ಅರ್ಚಕರು, ಅವರೇ ಅಧ್ಯಕ್ಷರು. ಕಾಪುವಿನಿಂದ ಹದಿಹರೆಯದಲ್ಲಿ ಬಂದು, ಹೋಟೆಲಿನಲ್ಲಿ ದುಡಿದು, ಈಗ ದೇವರ ಚಾಕರಿಗೆ ನಿಂತವರು. ಹೊಸ ಮೋಟರಿಗೆ ಹೂವು, ಗಂಧ, ಒಂದು ಕಟ್ಟು ಊದುಬತ್ತಿ ತಂದಿದ್ದರು. ಕಂಕುಳಲ್ಲಿ ಹಲಸಿನ ಹಲಗೆ. ಮೊದಲ ಕೆಲಸ ದೇವರದ್ದೇ ಆಗಬೇಕು, ಮಂದಿರದ ಬಾಗಿಲಿಗೆ ದೇವರ ಹೆಸರು ಬೇಕು ಎಂದರು. ಹೂವು ಹಿಡಿದ ಹಿರಿಯರಿಗೆ ಇಲ್ಲವೆನ್ನಲು ಯಜ್ಞೇಶ್ವರನಿಗೆ ಹುಟ್ಟಿದಂದಿನಿಂದಲೂ ಬರುತ್ತಿರಲಿಲ್ಲ.

ಗುಂಡಿ ಒತ್ತಿದ. ಬಿಟ್ಟಿನ ಮೊನೆ ಮೊದಲು ನಿಧಾನ, ಆಮೇಲೆ ಕಣ್ಣಿಗೆ ಸಿಗದಷ್ಟು ವೇಗ. ಸದ್ದು? ಬಾಣಂತಿಯ ಕೋಣೆಯಲ್ಲಿ ಹೆಂಗಸರು ಪಿಸುಗುಟ್ಟಿದ ಹಾಗೆ, ಅಷ್ಟೇ.

"ಏ, ಚಾಲೂ ಆಗೇತೇನ್ರಿ?" ಎಂದ ಶಿವರಾಯ.

ಯಜ್ಞೇಶ್ವರನ ಕಣ್ಣು ತುಂಬಿ ಬಂತು. ಯಂತ್ರ ಉಳಿಯಿತು. ಇನ್ನು ದಳವಿಯಲ್ಲ, ದಳವಿಯ ಅಪ್ಪ ಬಂದು ಗೋಡೆಗೆ ಕಿವಿಯಿಟ್ಟರೂ ಏನೂ ಕೇಳುವುದಿಲ್ಲ.

ಸಂತೋಷವೆಂಬುದು ಕೆಸುವಿನೆಲೆಯ ಮೇಲಿನ ನೀರು. ಯಂತ್ರ ನಿಲ್ಲಿಸಿದಾಗ ಬಿಟ್ಟಿನ ಮೊನೆ ನಿಧಾನಕ್ಕೆ ತಿರುಗುವುದನ್ನು ನೋಡಲು ಗುರುವಪ್ಪಣ್ಣ ಮೊಣಕಾಲೂರಿ ತಲೆ ಅಡಿಗೆ ಹಾಕಿ ಮೇಲಕ್ಕೆ ದೃಷ್ಟಿಸಿದ್ದರು. ಎದ್ದಾಗ ಅವರ ಮುಖ ಕಪ್ಪಿಟ್ಟಿತ್ತು.

"ಯಜ್ಞೇಶ, ಇದು ಎಡಕ್ಕೆ ಸುತ್ತುತ್ತದೆ. ಅಪ್ರದಕ್ಷಿಣೆ!"

"ಇಲ್ಲ ಅಣ್ಣ, ನೀವು ಕೆಳಗಿಂದ ನೋಡಿದ್ದು. ಮೇಲಿಂದ ನೋಡಿದರೆ ಸರಿಯಾಗಿ ಬಲಕ್ಕೇ ಉಂಟು."

"ಮರ ಎಲ್ಲಿಂದ ನೋಡ್ತದೆ?"

ಯಜ್ಞೇಶ್ವರ ಬಗ್ಗಿ ಹಲಗೆಯ ಕಡೆಗೆ ನೋಡಿದ.

"ಮರ ಕೆಳಗೆ ಮಲಗಿದೆ ಮಾರಾಯ. ಅದಕ್ಕೆ ಕಾಣುವುದು ಅಪ್ರದಕ್ಷಿಣೆ. ಆ ಮರದ ಮೇಲೆ ಬರುವುದು ಯಾರ ಹೆಸರು? ಶನಿದೇವರದ್ದು. ಬೇರೆ ದೇವರಾದರೆ ಕ್ಷಮಿಸಿಯಾರು. ಇವರ ಹತ್ತಿರ ಆಟ ಆಡ್ಲಿಕ್ಕೆ ಉಂಟಾ?"

"ಖರೇ ಐತಿ ನೋಡ್ರಿ," ಎಂದ ಶಿವರಾಯ. "ನಮ್ಮ ಕಾಕಾ ಒಬ್ಬಾಂವ ಹಿಂಗ ಗುಡಿ ಉಲ್ಟಾ ಸುತ್ತಿ ಏಳು ವರ್ಸ ಹಾಸಿಗಿ ಹಿಡದಾನ."

ಮೋಟರಿಗೆ ಹೋಗುವ ಮೂರು ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಸಾಕು, ದಿಕ್ಕು ಬದಲಾಗುತ್ತದೆ. ಆದರೆ ಬಿಟ್ಟಿನ ಹರಿತ ಇರುವುದು ಒಂದೇ ಬದಿಗೆ. ತಿರುಗಿಸಿದರೆ ಅದು ಮರವನ್ನು ಕೊರೆಯುವುದಿಲ್ಲ, ಬೆನ್ನಿನಿಂದ ಉಜ್ಜುತ್ತದೆ. ಇದು ಯಜ್ಞೇಶ್ವರನಿಗೆ ಗೊತ್ತಿತ್ತು. ಹೇಳಲು ಬಾಯಿಯನ್ನೂ ತೆರೆದ. ವಿನೋದಾ ಬಾಗಿಲಲ್ಲಿ ನಿಂತು, "ಅಷ್ಟು ಹೇಳುವಾಗ ಮಾಡ್ಲಿಕ್ಕೆ ಆಗುದಿಲ್ವಾ ನಿಮಗೆ?" ಎಂದಳು. ಅವನು ತೆರೆದ ಬಾಯಿಯನ್ನು ಮುಚ್ಚಿ ಸ್ಕ್ರೂಡ್ರೈವರ್ ಎತ್ತಿಕೊಂಡ. ಅಣ್ಣ ಮನೆಗೆ ಹೋದ ಕೂಡಲೇ ಮೊದಲಿನ ಹಾಗೆ ಮಾಡಿದರಾಯಿತು ಎಂದುಕೊಂಡ. ಗುರುವಪ್ಪಣ್ಣ ಕುರ್ಚಿ ಎಳೆದು ಕುಳಿತು, ಊದುಬತ್ತಿ ಹಚ್ಚಿ, ಕಣ್ಣು ಮುಚ್ಚಿ ಸ್ತೋತ್ರ ತೊಡಗಿದರು.

ಯಂತ್ರ 'ಶ್ರೀ' ಬರೆಯಿತು. ಬರೆಯಿತೆನ್ನುವುದಕ್ಕಿಂತ ಹಲಗೆಯನ್ನು ಸುಟ್ಟಿತು. ತೆಳ್ಳಗಿನ ಹೊಗೆ ಊದುಬತ್ತಿಯ ಹೊಗೆಯ ಜೊತೆ ಕೈಕೈ ಹಿಡಿದು ಮೇಲಕ್ಕೇರಿತು. "ಎಂಥ ಪರಿಮಳ!" ಎಂದರು ಗುರುವಪ್ಪಣ್ಣ, ಕಣ್ಣು ತೆರೆಯದೆ.

ಮುಂದಿನ ಅಕ್ಷರದ ಹೊತ್ತಿಗೆ ಹೊಗೆ ಹಳದಿಯಾಯಿತು.

"ಅಣ್ಣ, ನಿಲ್ಲಿಸ್ತೇನೆ."

"ದೇವರ ಹೆಸರನ್ನು ಅರ್ಧಕ್ಕೆ ನಿಲ್ಲಿಸುವುದಾ? ಅರ್ಧ ಕರೆದರೆ ಅವರು ಅರ್ಧ ದಾರಿಗೆ ಬಂದು ನಿಲ್ತಾರೆ. ಆಮೇಲೆ ಯಾರ ಹೆಗಲಿಗೆ ಹತ್ತುತ್ತಾರೆ ಗೊತ್ತುಂಟಾ?"

ಯಜ್ಞೇಶ್ವರ ಗುಂಡಿಯ ಮೇಲಿಟ್ಟ ಬೆರಳನ್ನು ಹಿಂದಕ್ಕೆ ತೆಗೆದ. ಹಳೆಯ ಮೋಟರಾಗಿದ್ದರೆ ಸೋತು ನಿಲ್ಲುತ್ತಿತ್ತು. ಹೊಸದಕ್ಕೆ ಆನೆಯ ಬಲ. ಮೊಂಡು ಬೆನ್ನನ್ನೇ ಊರಿ ಮುನ್ನುಗ್ಗಿತು. ಕೊನೆಯ ಅಕ್ಷರದ ಬಾಲ ಎಳೆಯುವಾಗ ಮೂಲೆಯಲ್ಲಿ ಗುಡ್ಡೆಯಾಗಿದ್ದ ಮರದ ಹುಡಿ ಭಗ್ಗನೆ ಹೊತ್ತಿಕೊಂಡಿತು.

"ಬೆಂಕಿ!" ಎಂದು ಶಿವರಾಯ ಕೂಗಿ ಎಲ್ಲರಿಗಿಂತ ಮೊದಲು ಹೊರಗೋಡಿದ.

ವಿನೋದಾ ಓಡಿಬಂದಳು. ಕೈಗೆ ಸಿಕ್ಕಿದ್ದು ಮೋಟರಿನ ಬಕೆಟ್. ಪಂಪು, ಕೊಳವೆ ಎಲ್ಲ ಕಿತ್ತುಬರುವಂತೆ ಎತ್ತಿ ಸುರಿದಳು. ಬೆಂಕಿ ಆರಿತು. ಉಳಿದ ನೀರು ಬೂದಿ, ಮಸಿ, ಹೂವು, ಗಂಧ ಎಲ್ಲವನ್ನೂ ಕೂಡಿಸಿಕೊಂಡು ಸರಳುಗಳ ನಡುವಿನಿಂದ ಕೆಳಗಿಳಿಯಿತು.

ಕೆಳಗೆ ತನ್ನ ಬಾಲ್ಕನಿಯಲ್ಲಿ ದಳವಿ ನಿಂತಿದ್ದ. ಸಾಯಂಕಾಲದ ತನಕ ತಡೆಯಲಾರದೆ, ಸದ್ದು ಬರುತ್ತದೋ ಎಂದು ಕತ್ತು ಹೊರಚಾಚಿ, ಕಿವಿಯನ್ನು ಆಕಾಶಕ್ಕೆ ತಿರುಗಿಸಿ ನಿಂತಿದ್ದ. ನೀರು ನೇರ ಆ ಕಿವಿಗೇ ಹೊಯ್ಯಿತು.

ಮೇಲೆ ಬಂದಾಗ ಅವನ ಹುಬ್ಬಿನ ಮೇಲೆ ಒಂದು ದಾಸವಾಳದ ಎಸಳು ಅಂಟಿಕೊಂಡಿತ್ತು. ಒದ್ದೆ ಕಿವಿಯನ್ನು ತೋಳಿನಿಂದ ಒರೆಸಿಕೊಂಡ. ಕೊನೆಗೆ ಶಾಂತವಾಗಿಯೇ ಹೇಳಿದ: "ಅಣ್ಣಾ, ಆವಾಜ್ ಬಿಲ್ಕುಲ್ ನಹೀಂ. ನಾನು ಸುಳ್ಳು ಹೇಳುವುದಿಲ್ಲ. ಲೇಕಿನ್ ಈ ಆಗ್, ಈ ಬೆಂಕಿ? ಮೊದಲು ನಮಗೆ ನಿದ್ದೆ ಬರುತ್ತಿರಲಿಲ್ಲ, ಇನ್ನು ನಿದ್ದೆಯಲ್ಲೇ ಸುಟ್ಟುಹೋಗಬೇಕಾ? ಇವತ್ತೇ ಮಶೀನ್ ಬಾಹರ್. ಇಲ್ಲದಿದ್ದರೆ ವಾಚ್‌ಮನ್ ಕೈಲಿ ಕೆಳಗೆ ಎಸೆಸ್ತೇನೆ."

ಯಜ್ಞೇಶ್ವರ ಒದ್ದೆ ನೆಲದಲ್ಲಿ ಕುಳಿತುಬಿಟ್ಟ. ಗುರುವಪ್ಪಣ್ಣನಿಗೆ ಮಾತ್ರ ಬೇರೆ ಲೋಕ. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಹಲಸಿನ ಹೊಂಬಣ್ಣದ ಮೇಲೆ ಅಕ್ಷರಗಳು ಕಾಡಿಗೆ ತೀಡಿದ ಹಾಗೆ ಕಪ್ಪಗೆ ಮೂಡಿದ್ದವು. ಕರಿ ದೇವರಿಗೆ ಕರಿ ಹೆಸರು.

"ನೋಡು ಯಜ್ಞೇಶ, ಇದು ನೀನು ಬರೆದದ್ದಲ್ಲ. ಅಗ್ನಿಯೇ ಬರೆದದ್ದು."

"ಅಣ್ಣ, ನನ್ನ ಯಂತ್ರ ಹೋಗ್ತದೆ."

"ಎಲ್ಲಿಗೆ ಹೋಗ್ತದೆ? ದಳವಿ ಪ್ರತಿ ಶನಿವಾರ ಎಣ್ಣೆ ಬತ್ತಿ ಇಡ್ಲಿಕ್ಕೆ ನಮ್ಮಲ್ಲಿಗೇ ಬರುವುದಲ್ವಾ?"

"ಹಾಗಾದರೆ ಅವನ ಎದುರೇ ಒಂದು ಪ್ರಾರ್ಥನೆ ಮಾಡಿ ಅಣ್ಣ. ಯಂತ್ರಕ್ಕೆ ಒಂದು ನೆಲೆ ಆದರೆ ಸಾಕು. ಯಾರೂ ಅದನ್ನು ಮುಟ್ಟಬಾರದು."

"ಬಿಡು. ಅದನ್ನು ನನಗೆ ಬಿಡು."

ಸಂಜೆ ಮಂದಿರ ತುಂಬಿತ್ತು. ಹೊಸ ಹಲಗೆ ಬಾಗಿಲ ಮೇಲೇರಿ, ಕಂಡವರೆಲ್ಲ ಅಬ್ಬಾ ಎನ್ನುತ್ತಿದ್ದರು. ಭಜನೆ ಮುಗಿದು ಆರತಿಯ ಹೊತ್ತಿಗೆ ಗುರುವಪ್ಪಣ್ಣ ಯಜ್ಞೇಶ್ವರನನ್ನು ಮುಂದಕ್ಕೆ ಕರೆದು ದೇವರೆದುರು ನಿಲ್ಲಿಸಿದರು. ಪಕ್ಕದಲ್ಲಿ ವಿನೋದಾ, ಹಿಂದೆ ದಳವಿ. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ: ಭಕ್ತ ಕೈಮುಗಿದು ನಿಲ್ಲಬೇಕು, ಅರ್ಚಕರು ಅವನ ಪರವಾಗಿ ಗಟ್ಟಿಯಾಗಿ ದೇವರಲ್ಲಿ ಅರಿಕೆ ಮಾಡಬೇಕು, ಅವನು ಹೌದು ಸ್ವಾಮಿ ಎನ್ನಬೇಕು. ಯಜ್ಞೇಶ್ವರ ಕಣ್ಣು ಮುಚ್ಚಿದ.

"ಸ್ವಾಮೀ, ಸತ್ಯದಲ್ಲಿ ನೆಲೆನಿಂತ ದೇವರೇ! ನಿನ್ನ ಭಕ್ತ ಯಜ್ಞೇಶ್ವರ ಕಷ್ಟದಲ್ಲಿ ಬಂದಿದ್ದಾನೆ."

"ಹೌದು ಸ್ವಾಮಿ."

"ಅವನ ಯಂತ್ರಕ್ಕೆ ನೆಲೆಯಿಲ್ಲ. ನಿನ್ನನ್ನಲ್ಲದೆ ಅವನು ಯಾರನ್ನು ಕೇಳಬೇಕು?"

"ಹೌದು ಸ್ವಾಮಿ." ಅವನ ಕೆನ್ನೆಯ ಮೇಲೆ ನೀರಿಳಿಯಿತು.

"ನಿನ್ನ ಹೆಸರನ್ನು ಬೆಂಕಿಯಲ್ಲಿ ಬರೆದ ಯಂತ್ರ. ಇನ್ನು ನರಮನುಷ್ಯರ ಹೆಸರನ್ನು ಅದು ಬರೆಯಬಾರದು. ಇಂದಿನಿಂದ ಅದು ನಿನ್ನದು, ನಿನ್ನ ಸನ್ನಿಧಿಯಲ್ಲೇ ಇರಲಿ ಎಂದು ಭಕ್ತಿಯಿಂದ ಒಪ್ಪಿಸುತ್ತಿದ್ದಾನೆ."

"ಹೌದು ಸ್ವಾಮಿ," ಎಂದ ಯಜ್ಞೇಶ್ವರ, ಅದೇ ಭರದಲ್ಲಿ.

ಗಂಟೆ ಹೊಡೆಯಿತು. ಕಣ್ಣು ತೆರೆಯುವಷ್ಟರಲ್ಲಿ ಅಂಗೈಗೆ ಗಂಧ ಪ್ರಸಾದ ಬಿದ್ದಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಿದೆ. ಇಲ್ಲಿ ದೇವರು ಕೇಳಿರಲಿಲ್ಲ, ಪೂಜಾರಿಯೇ ಕೊಡಿಸಿದ್ದರು.

"ಗುರುವಪ್ಪಣ್ಣ, ನಾನು ಹೇಳಿದ್ದು ಹಾಗಲ್ಲ..."

"ನೆಲೆ ಕೇಳಿದೆ, ಆಯ್ತು. ಯಾರೂ ಮುಟ್ಟಬಾರದು ಅಂದೆ. ದೇವರ ಸೊತ್ತನ್ನು ಮುಟ್ಟುವ ಗಂಡು ಯಾರಿದ್ದಾನೆ?"

ದಳವಿ ಹಿಂದಿನಿಂದ ಬಂದು ಅವನನ್ನು ಅಪ್ಪಿಕೊಂಡ. ಅವನ ಕಣ್ಣೂ ಒದ್ದೆ. "ಅಣ್ಣಾ, ಮಾಫ್ ಕರೋ. ತುಮ್ ಬಡಾ ಆದ್ಮೀ!" ವಿನೋದಾ ಗಂಡನ ಕಡೆಗೆ ನೋಡಿದ ನೋಟದಲ್ಲಿ ಮದುವೆಯಾದಂದಿನಿಂದ ಕಾಣದ ಹೆಮ್ಮೆಯಿತ್ತು. ಆ ನೋಟದೆದುರು ಅವನು ಅಂಗೈಯ ಗಂಧವನ್ನು ಹಣೆಗಿಟ್ಟುಕೊಂಡ.

"ಆಗಾಗ ಬಂದು ನಾನು ಓಡಿಸಬಹುದಲ್ಲ ಅಣ್ಣ?" ಎಂದಷ್ಟೇ ಕೇಳಿದ.

"ಓಡಿಸುವುದಾ? ಗಾಜಿನ ಪೆಟ್ಟಿಗೆ ಮಾಡಿ ಬೀಗ ಹಾಕುವ. ನೀನು ಹೊರಗಿನಿಂದ ಕೈಮುಗಿ, ಧಾರಾಳ."

ಶುಭಕಾರ್ಯಕ್ಕೆ ತಡ ಬೇಡವೆಂದು ಆಗಲೇ ಹೊರಟರು. ಭಾರಕ್ಕೆ ಸೊಸೈಟಿಯ ಬಿದಿರಿನ ಏಣಿ ತಂದು, ಯಂತ್ರವನ್ನು ಅದರ ಮೇಲೆ ಮಲಗಿಸಿ, ಹಗ್ಗದಲ್ಲಿ ಬಿಗಿದರು. ತುಂತುರು ಮಳೆಯೆಂದು ವಿನೋದಾ ಬಿಳಿಯ ಚಾದರ ಹೊದಿಸಿದಳು. ದಳವಿ, ಶಿವರಾಯ ಮುಂದೆ ಹೆಗಲು ಕೊಟ್ಟರು, ಹಿಂದೆ ಭಜನೆಯವರಿಬ್ಬರು. ಗುರುವಪ್ಪಣ್ಣ ತಾಳ ಹಾಕುತ್ತ ದೇವರ ನಾಮ ಎತ್ತಿಕೊಂಡರು. ಯಜ್ಞೇಶ್ವರ ಪಂಪು ಮುಳುಗಿದ್ದ ಬಕೆಟನ್ನು ಹಿಡಿದು ಎಲ್ಲರಿಗಿಂತ ಮುಂದೆ, ತಲೆ ತಗ್ಗಿಸಿ ನಡೆದ.

ಓಣಿಯ ತಿರುವಿನಲ್ಲಿ ಒಂದು ರಿಕ್ಷಾ ಬದಿಗೆ ಸರಿದು ನಿಂತಿತು. ರಿಕ್ಷಾದವನು ಇಳಿದು ಚಪ್ಪಲಿ ಬಿಟ್ಟು ಕೈಮುಗಿದ. ಹತ್ತಿರ ಬಂದಾಗ, ತೀರಿಕೊಂಡದ್ದು ಮನೆಯವರೇ ಎಂದು ಮೆಲ್ಲನೆ ಕೇಳಿದ, "ಘರ್ ಕಾ ಥಾ ಕ್ಯಾ, ಕಾಕಾ?"

ವಿವರಿಸಲು ಯಜ್ಞೇಶ್ವರನಲ್ಲಿ ತ್ರಾಣವಿರಲಿಲ್ಲ. "ಹಾಂ," ಎಂದ, "ಘರ್ ಕಾ ಹೀ ಥಾ."

ಕಾಯಿಲೆಯಾಗಿತ್ತೇ ಎಂದು ಅವನು ಮತ್ತೆ ಕೇಳಿದ. ಇಲ್ಲ, ಇವತ್ತು ಬೆಳಿಗ್ಗೆಯಷ್ಟೇ ಮನೆಗೆ ಬಂದದ್ದು ಎಂದು ಯಜ್ಞೇಶ್ವರ ತನಗೆ ಬಂದ ಹಿಂದಿಯಲ್ಲಿ ಹೇಳಿದ. ಸ್ವಲ್ಪ ದೂರ ಹೋದವನು ನಿಂತು, ತಿರುಗಿ ಇನ್ನೂ ಒಂದು ಮಾತು ಸೇರಿಸಿದ. ಪಾಪ, ಒಂದು ಸದ್ದೂ ಮಾಡುತ್ತಿರಲಿಲ್ಲ.

ರಿಕ್ಷಾದವನು ಏಣಿಯ ಮೇಲಿನ ಭಾರವನ್ನೊಮ್ಮೆ, ಈ ಮುಖವನ್ನೊಮ್ಮೆ ನೋಡಿದ. ಇಂಜಿನ್ ಆರಿಸಿ, ಅವರೆಲ್ಲ ದಾಟಿಹೋಗುವ ತನಕ ಮಳೆಯಲ್ಲಿ ನಿಂತೇ ಇದ್ದ.